ಉತ್ತಿದ್ದಕ್ಕೆ ಜೈಲು

ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿರುವ ತಂಗಿಯ ಮನೆಯಲ್ಲಿ ಮೂರು ವಾರ ಇದ್ದೆ. ಸಿನಿಮಾ ಸೆಟ್ಟಿನ ಗಿಡ್ಡ ಬಾಗಿಲುಗಳ ಮುಂದೆ ಸಾಲುಗಟ್ಟಿ ಫೋಟೊ ತೆಗೆಸಿಕೊಂಡದ್ದು, ರೊಟೊರುವಾದ ಗಂಧಕದ ನಾತ, ಇವನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನಗೆ ಆ ಸೆಟ್ಟು ನಮ್ಮ ದಸರಾ ವಸ್ತುಪ್ರದರ್ಶನಕ್ಕಿಂತ ಹೆಚ್ಚೇನೂ ಅನ್ನಿಸಲಿಲ್ಲ. ಮನಸ್ಸಿನಲ್ಲಿ ಉಳಿದದ್ದು ಟರನಾಕಿಯ ಒಂದು ಮಧ್ಯಾಹ್ನ. ಅದೂ ಕಾರಿನ ಗಾಜಿಗೆ ಕಲ್ಲು ಬಡಿದದ್ದರಿಂದ ಸಿಕ್ಕಿದ್ದು.

ಹೋದದ್ದು ಬೆಟ್ಟ ನೋಡಲಿಕ್ಕೆ. 2,518 ಮೀಟರ್ ಎತ್ತರದ ಟರನಾಕಿ ಎರಡು ದಿನ ಮೋಡದ ಸೆರಗು ಸರಿಸಲೇ ಇಲ್ಲ. ಮೂರನೇ ದಿನ ಬೇಸತ್ತು ನ್ಯೂ ಪ್ಲಿಮತ್‌ನಿಂದ ಕಡಲ ದಂಡೆಯ 45ನೇ ಹೆದ್ದಾರಿ ಹಿಡಿದೆವು. 100 ಇರಬೇಕಾದ ಕಡೆ ತಂಗಿಯ ಗಂಡ 108ರಲ್ಲಿ ಹೊಡೆಯುತ್ತಿದ್ದ. ಪೊಲೀಸ್ ನಿಲ್ಲಿಸಿದ, ಲೈಸೆನ್ಸ್ ನೋಡಿದ, 'ನಿಧಾನ ಹೋಗಿ, ರಜೆ ಚೆನ್ನಾಗಿ ಕಳೆಯಿರಿ' ಎಂದು ಬಿಟ್ಟುಬಿಟ್ಟ. ಎಂಥ ಸಜ್ಜನ ದೇಶ ಅಂತ ನಾವು ಹೊಗಳುತ್ತ ಹೊರಟ ಹತ್ತೇ ನಿಮಿಷಕ್ಕೆ ಎದುರಿನ ಲಾರಿಯ ಗಾಲಿಯಿಂದ ಚಿಮ್ಮಿದ ಕಲ್ಲು ಮುಂದಿನ ಗಾಜಿಗೆ ಟಪ್ ಎಂದಿತು.

ಬಾಡಿಗೆ ಕಾರು ಹಿಡಿಯುವವರಿಗೆ ಒಂದು ಮಾತು. ಕೌಂಟರಿನ ಹುಡುಗ ನಗುನಗುತ್ತ 'ಎಲ್ಲಕ್ಕೂ ವಿಮೆ ಇದೆ' ಎಂದರೆ ನಂಬಬೇಡಿ. ಗಾಜು, ಟಾಯರು, ಕಾರಿನ ಅಡಿಭಾಗ ಬಿಟ್ಟು ಅನ್ನುವುದು ನಮ್ಮ ಕಾಗದದಲ್ಲಿ ಇರುವೆಯಷ್ಟು ಅಕ್ಷರದಲ್ಲಿತ್ತು. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಓಪುನಾಕೆ ಎಂಬ ಸಣ್ಣ ಊರಲ್ಲಿ ನಿಲ್ಲಿಸಿ ಬಿರುಕು ನೋಡುತ್ತಿದ್ದಾಗ ಎಪ್ಪತ್ತರ ಆಸುಪಾಸಿನ ಮಾವೊರಿ (ಆ ನೆಲದ ಮೂಲನಿವಾಸಿಗಳು) ಹಿರಿಯರೊಬ್ಬರು ತಮ್ಮ ಪಿಕಪ್ಪಿನಿಂದ ಟೇಪಿನ ಸುರುಳಿ ತಂದರು. 'ಧೂಳು, ನೀರು ಹೋಗಬಾರದು' ಎಂದು ಗಾಜಿಗೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಒರೆಸಿದರು. ಹೆಸರು ಕೇಳಿದರೆ 'ಮಾತುವಾ ಅನ್ನಿ ಸಾಕು' ಎಂದರು. ನಮ್ಮಲ್ಲಿ ಕಾಕಾ ಅನ್ನುವ ಹಾಗೆ.

ತಿರುಗಿ ನನ್ನನ್ನು ಕೇಳಿದ್ದು ಹೆಸರಲ್ಲ. ನಿನ್ನ ಬೆಟ್ಟ ಯಾವುದು, ನದಿ ಯಾವುದು? ಅವರಲ್ಲಿ ಪರಿಚಯ ಶುರುವಾಗುವುದೇ ಹಾಗಂತೆ. ಹುಬ್ಬಳ್ಳಿಯವಳು ಏನು ಹೇಳಲಿ? ನೃಪತುಂಗ ಬೆಟ್ಟ ಅಂದೆ. ಮಲಪ್ರಭೆ ಅಂದೆ, ವಾರಕ್ಕೊಮ್ಮೆ ನಲ್ಲಿಯಲ್ಲಿ ಬರುವ ನದಿ.

'ಬರುವಾಗ ಪರಿಹಾಕದಲ್ಲಿ ನಿಂತಿರಾ?'

ದಾರಿಯಲ್ಲಿ ಆ ಹಳ್ಳಿಯ ಬೋರ್ಡು ನೋಡಿದ್ದೆವು, ತಿರುಗಿರಲಿಲ್ಲ. ಅವರು ಬೇಸರಪಡಲಿಲ್ಲ, ಪಿಕಪ್ಪಿಗೆ ಒರಗಿ ಹೇಳತೊಡಗಿದರು. ಬ್ರಿಟಿಷ್ ವಸಾಹತಿನ 1863ರ ಕಾನೂನೊಂದು ದಂಗೆ ಎದ್ದ ಮಾವೊರಿಗಳ ಭೂಮಿ ಸರ್ಕಾರದ್ದು ಅಂದಿತು. ದಂಗೆ ಏಳದವರ ಹೊಲವೂ ಹೋಯಿತು. (ತಂಗಿಯ ಊರು ನಿಂತಿರುವುದೂ ಅಂಥ ನೆಲದ ಮೇಲೆಯೇ. ವೈಕಾಟೊ ಸೀಮೆಯಲ್ಲಿ ಜಪ್ತಿಯಾದದ್ದು ಸುಮಾರು 12 ಲಕ್ಷ ಎಕರೆ. ಅವಳಿಗೂ ಅವತ್ತೇ ಗೊತ್ತಾಗಿದ್ದು.) ಪರಿಹಾಕದ ಹಿರಿಯರಾದ ತೆ ವಿಟಿ ಮತ್ತು ತೊಹು ಆಯುಧ ಮುಟ್ಟಬೇಡಿ ಎಂದರು. 1879ರಲ್ಲಿ ಅವರ ಜನ ನೇಗಿಲು ಹೂಡಿ ಬಿಳಿಯರು ಬೇಲಿ ಹಾಕಿದ ತಮ್ಮದೇ ಹೊಲಕ್ಕೆ ಇಳಿದು ಉಳತೊಡಗಿದರು. ಒಬ್ಬನನ್ನು ಹಿಡಿದೊಯ್ದರೆ ಇನ್ನೊಬ್ಬ ಬಂದು ನೇಗಿಲು ಹಿಡಿಯುತ್ತಿದ್ದ. ನೂರಾರು ಮಂದಿಯನ್ನು ವಿಚಾರಣೆಯಿಲ್ಲದೆ ದಕ್ಷಿಣ ದ್ವೀಪದ ಜೈಲುಗಳಿಗೆ ಹಡಗಿನಲ್ಲಿ ಸಾಗಿಸಿದರು. ಹಾಗೆ ಕೂಡಿಹಾಕಲು ಬೇರೆಯೇ ಕಾನೂನು ಮಾಡಿದರು. 1881ರ ನವೆಂಬರ್ 5ರಂದು ಸುಮಾರು 1,600 ಮಂದಿಯ ಪಡೆ ಊರಿಗೇ ನುಗ್ಗಿತು. ಎದುರಿಗೆ ಬಂದದ್ದು ಹಾಡುವ ಮಕ್ಕಳು, ರೊಟ್ಟಿ ಹಿಡಿದ ಹೆಂಗಸರು.

'ನನ್ನ ಮುತ್ತಜ್ಜ ನೇಗಿಲು ಹಿಡಿದವ. ಡನೀಡಿನ್‌ನಲ್ಲಿ ಕಲ್ಲು ಹೊತ್ತ. ನಮ್ಮ ಮನೆಗೆ ಜೈಲು ಬಂದದ್ದು ಹಾಗೆ.'

ನಮ್ಮ ಅಜ್ಜನೂ ಎತ್ತು ಕಟ್ಟಿದವನೇ. ಉತ್ತಿದ್ದಕ್ಕೆ ಜೈಲು ಅನ್ನುವುದು ನನಗೆ ಗಂಟಲಲ್ಲೇ ನಿಂತಿತು.

ಹೊಲ ಹೋದ ಮನೆ ಅವರದು, ಮಾತುವಾರ ಅಪ್ಪ ಕೂಲಿ ಹುಡುಕಿ ವೆಲಿಂಗ್ಟನ್ ಸೇರಿದ. ಮಾತುವಾ ಹನ್ನೆರಡರ ಹುಡುಗನಾಗಿದ್ದಾಗ ಶಾಲೆ ತಪ್ಪಿಸಿದ್ದಕ್ಕೆ ಸರ್ಕಾರಿ ಬಾಲಮಂದಿರಕ್ಕೆ ಒಯ್ದರು. ಅಲ್ಲಿ ಹೊಡೆತ, ಇನ್ನೂ ಏನೇನೋ. 'ಹೊರಗೆ ಬಂದಾಗ ನನಗಿದ್ದ ಗೆಳೆಯರೆಲ್ಲ ಒಳಗೆ ಸಿಕ್ಕವರೇ. ಮುಂದೆ ಅವರೇ ಗ್ಯಾಂಗು.' ಕಳ್ಳತನಕ್ಕೆ ಎರಡು ಸಲ ಒಳಗಿದ್ದು ಬಂದದ್ದನ್ನೂ ಮುಚ್ಚಿಡಲಿಲ್ಲ. 'ಕದ್ದದ್ದು ನಾನೇ. ಅದು ಯಾರ ತಪ್ಪೂ ಅಲ್ಲ.'

ಮನೆಗೆ ಬಂದು ಓದಿದೆ. ಸರ್ಕಾರಿ ಆರೈಕೆಯಲ್ಲಿದ್ದವರ ಮೇಲಿನ ದೌರ್ಜನ್ಯ ವಿಚಾರಿಸಿದ ಆ ದೇಶದ ರಾಯಲ್ ಕಮಿಷನ್ 2024ರಲ್ಲಿ ಕೊಟ್ಟ ಅಂತಿಮ ವರದಿ ಇದನ್ನೇ ಹೇಳುತ್ತದೆ: ಇಂಥ ಸರ್ಕಾರಿ ನಿಲಯಗಳಲ್ಲಿ ಬೆಳೆದ ಮಕ್ಕಳಲ್ಲಿ ಐವರಿಗೊಬ್ಬರು, ಕೆಲವೊಮ್ಮೆ ಮೂವರಿಗೊಬ್ಬರು ಮುಂದೆ ಜೈಲು ಕಂಡಿದ್ದಾರೆ. ಹಾಗೆ ಒಯ್ದ ಮಕ್ಕಳಲ್ಲಿ ಮಾವೊರಿಗಳದೇ ದೊಡ್ಡ ಪಾಲು. ಅದೇ ವರ್ಷದ ನವೆಂಬರಿನಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಇದಕ್ಕೆ ಕ್ಷಮೆ ಕೇಳಿದರು. ಜನಸಂಖ್ಯೆಯಲ್ಲಿ ಶೇ. 17ರ ಆಸುಪಾಸು ಇರುವ ಮಾವೊರಿಗಳು ಜೈಲಿನಲ್ಲಿ ಅರ್ಧಕ್ಕಿಂತ ಹೆಚ್ಚು.

ಪೊಲೀಸ್ ಬಿಟ್ಟುಕಳಿಸಿದ ಕಥೆಯನ್ನು ತಂಗಿಯ ಗಂಡ ಉತ್ಸಾಹದಿಂದ ಹೇಳಿದ. ಮಾತುವಾ ನಕ್ಕರು. 'ನಿನಗೆ ಬುದ್ಧಿಮಾತು. ನನ್ನ ಮೊಮ್ಮಗ ಆಗಿದ್ದರೆ ಡಿಕ್ಕಿ ತೆಗೆಸುತ್ತಿದ್ದರು.' ಮುದುಕರ ಮುನಿಸು ಅಂದುಕೊಂಡೆ. ಆದರೆ ಪೊಲೀಸ್ ಇಲಾಖೆಯೇ ಮಾಡಿಸಿದ ಅಧ್ಯಯನದಲ್ಲಿ, ಉಳಿದದ್ದೆಲ್ಲ ಒಂದೇ ಆಗಿದ್ದರೂ, ಮಾವೊರಿ ಎಂಬ ಕಾರಣಕ್ಕೇ ಕೇಸು ಬೀಳುವ ಸಂಭವ ಶೇ. 11ರಷ್ಟು ಹೆಚ್ಚು ಎಂದಿದೆ.

ತಂಗಿ ಚಿಪ್ಸ್ ತಂದಳು. ಮೀನು ಕರಿದ ಎಣ್ಣೆಯದೇ ಎಂದು ಗೊತ್ತಾಗಿ ನಾನು ಮುಟ್ಟಲಿಲ್ಲ, ಮಾತುವಾ ನನ್ನ ಪಾಲನ್ನೂ ತಿಂದರು. ತಿನ್ನುತ್ತ ಕೇಳಿದರು: 'ನಿಮ್ಮೂರಲ್ಲಿ ಜೈಲಿಗೆ ಯಾರು ಹೋಗುತ್ತಾರೆ?'

ಹುಬ್ಬಳ್ಳಿಯ ಸೆಟ್ಲಮೆಂಟ್ ನೆನಪಾಯಿತು. ಅದೇ ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ, ಇಂತಿಂಥ ಜಾತಿಯವರು ಹುಟ್ಟಾ ಕಳ್ಳರು ಎಂದು ಬರೆದಿಟ್ಟರು. ಅವರನ್ನು ತಂದು ಕೂಡಿಹಾಕಿ ಹಾಜರಿ ಹಾಕಿಸಿದ ಜಾಗ ಅದು. 1952ರಲ್ಲಿ ಆ ಪಟ್ಟಿ ರದ್ದಾಯಿತು, ಹೆಸರು ಉಳಿಯಿತು. ಓಣಿಯಲ್ಲಿ ಒಂದು ತಾಮ್ರದ ತಂಬಿಗೆ ಕಳೆದರೂ ನಮ್ಮವ್ವ 'ಸೆಟ್ಲಮೆಂಟಿನವರದೇ ಕೆಲಸ ನೋಡು' ಅನ್ನುತ್ತಿದ್ದಳು. ನಾನೂ ಅಂದಿದ್ದೇನೆ. ಅದನ್ನೂ ಹೇಳಿದೆ.

ಮಾತುವಾ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, 'ಅವರ ಬೆಟ್ಟ ಯಾವುದು?' ಎಂದರು.

ಗೊತ್ತಿರಲಿಲ್ಲ. ಕಡಲ ಕಡೆಯಿಂದ ಮಳೆ ಬರುವ ಹಾಗಿತ್ತು. ಅವರು ಇನ್ನೊಂದು ತುಂಡು ಟೇಪು ಹರಿದು ಮೊದಲಿನದರ ಮೇಲೆ ಅಂಟಿಸಿ ಒತ್ತತೊಡಗಿದರು.