‘ರೆಕ್ಟಿಫೈ’ ಎಂದು ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು

ವಿಲ್ಲೇಜ್ ಆಫೀಸಿಗೆ, ಪಂಚಾಯತಿಗೆ, ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಬರೆದುಕೊಡುವ ಅರ್ಜಿಗಳಲ್ಲಿ ‘ಪ್ಲೀಸ್ ರೆಕ್ಟಿಫೈ’ ಎಂದು ಸೇರಿಸುವುದು ಕಾಸರಗೋಡಿನಲ್ಲಿ ರೂಢಿಯಾಗಿಬಿಟ್ಟಿದೆ. ಅದಕ್ಕೆ ಕಾರಣವೂ ಇದೆ. ನಮ್ಮ ಹೆಸರು ಕನ್ನಡದ್ದು, ಆಫೀಸಿನ ಬರವಣಿಗೆ ಮಲಯಾಳದ್ದು, ಕಂಪ್ಯೂಟರಿನಲ್ಲಿ ಕಾಣುವುದು ಇಂಗ್ಲಿಷ್. ಶಂಕರ ಎಂಬವರು ಒಂದು ಕಾಗದದಲ್ಲಿ ಶಂಕರನ್ ಆಗಿರುತ್ತಾರೆ. ಐತಪ್ಪ ಎಂಬ ಹೆಸರಿನ ‘ತ’ಕಾರಕ್ಕೆ ಒಂದು ಕಡೆ ಬರೀ ‘ಟಿ’ ಇದ್ದರೆ ಇನ್ನೊಂದು ಕಡೆ ‘ಟಿ’ ಮತ್ತು ‘ಎಚ್’ ಎರಡೂ ಇರುತ್ತವೆ. ಆಧಾರ್ ಕಾರ್ಡಿನದ್ದೊಂದು, ರೇಷನ್ ಕಾರ್ಡಿನದ್ದೊಂದು, ಜಾಗದ ಆಧಾರದ್ದು, ಅಂದರೆ ನೋಂದಣಿಯಾದ ಜಾಗದ ಪತ್ರದ್ದು ಮತ್ತೊಂದು. ಇದನ್ನು ಸರಿಮಾಡಿಸಿಕೊಳ್ಳಲು ಅಲೆದಾಡುವವರಿಗೆ ಆ ಶಬ್ದದ ಅರ್ಥ ಸರಿಯಾಗಿ ಗೊತ್ತಿರಬೇಕು. ಎಷ್ಟೋ ಅರ್ಜಿಗಳು ತಪ್ಪು ದಾರಿ ಹಿಡಿಯುವುದು ಅಲ್ಲಿಂದಲೇ.

ಲ್ಯಾಟಿನ್ನಿನಲ್ಲಿ ‘ರೆಕ್ಟಸ್’ ಎಂದರೆ ನೇರವಾದದ್ದು, ‘ಫಾಕೆರೆ’ ಎಂದರೆ ಮಾಡುವುದು. ಹಾಗಾಗಿ ರೆಕ್ಟಿಫೈ ಎಂದರೆ ಸೊಟ್ಟಗಾದದ್ದನ್ನು ನೇರ ಮಾಡುವುದು. ಮೊಬೈಲ್ ಚಾರ್ಜರಿನೊಳಗಿನ ರೆಕ್ಟಿಫೈಯರ್ ಇದೇ ಮೂಲದ ಹೆಸರು: ಸಾಮಾನ್ಯವಾಗಿ ನಾಲ್ಕು ಡಯೋಡುಗಳನ್ನು ಸೇರಿಸಿದ ಸೇತುವೆಯೊಂದು ಹಿಂದಕ್ಕೂ ಮುಂದಕ್ಕೂ ಹರಿಯುವ ಎ.ಸಿ. ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಮತ್ತೆ ಮತ್ತೆ ಭಟ್ಟಿ ಇಳಿಸಿ ಶೇಕಡಾ 95ರ ಆಸುಪಾಸಿಗೆ ತಂದ ಮದ್ಯಸಾರಕ್ಕೆ ರೆಕ್ಟಿಫೈಡ್ ಸ್ಪಿರಿಟ್ ಎನ್ನುವುದೂ ಈ ಮೂಲದಿಂದಲೇ.

ಕಾಗದಪತ್ರದ ವಿಚಾರಕ್ಕೆ ಬಂದರೆ ಈ ಶಬ್ದದಲ್ಲಿ ಒಂದು ವಾದ ಅಡಗಿದೆ. ನಿಜ ಸಂಗತಿ ಮೊದಲಿನಿಂದಲೂ ಹೀಗೆಯೇ ಇತ್ತು, ಬರೆಯುವಾಗ ತಪ್ಪಿತು, ಈಗ ಬರಹವನ್ನು ನಿಜಕ್ಕೆ ಸರಿಹೊಂದಿಸಿ ಎಂಬುದು ಆ ವಾದ. ಆದ್ದರಿಂದ ಅರ್ಜಿ ಬರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಬರೆದ ದಿನವೇ ಅದು ತಪ್ಪಾಗಿತ್ತೋ? ಹೌದಾದರೆ ರೆಕ್ಟಿಫೈ. ಬರೆದ ದಿನ ಸರಿ ಇದ್ದು ಆಮೇಲೆ ಸಂಗತಿಯೇ ಬದಲಾಗಿದ್ದರೆ ಅದು ‘ಚೇಂಜ್’ ಅಥವಾ ‘ಅಪ್ಡೇಟ್’. ಬದಿಯಡ್ಕದಿಂದ ಕುಂಬಳೆಗೆ ಮನೆ ಬದಲಿಸಿದವರು ವಿಳಾಸವನ್ನು ರೆಕ್ಟಿಫೈ ಮಾಡಿ ಎಂದು ಬರೆದರೆ ಹಳೆಯ ವಿಳಾಸ ಸುಳ್ಳಾಗಿತ್ತು ಎಂದು ಹೇಳಿದಂತಾಗುತ್ತದೆ. ಮದುವೆಯ ನಂತರ ಹೆಸರು ಬದಲಾಯಿಸಿಕೊಂಡವರದ್ದೂ ಹಾಗೆಯೇ. ಅಲ್ಲಿ ತಿದ್ದಲು ತಪ್ಪೇ ಇಲ್ಲ.

ಈ ವ್ಯತ್ಯಾಸ ಎಲ್ಲಕ್ಕಿಂತ ಹೆಚ್ಚು ಬಾಧಿಸುವುದು ಜಾಗದ ಆಧಾರದಲ್ಲಿ. ಸರ್ವೆ ನಂಬರ್ 241 ಇರಬೇಕಾದಲ್ಲಿ 214 ಎಂದು ಬಿದ್ದಿದೆ ಎಂದಿಟ್ಟುಕೊಳ್ಳಿ. ನೋಂದಣಿಯಾದ ಆಧಾರದ ಒಳಗಿನ ಒಂದು ಅಂಕಿಯನ್ನೂ ಸಬ್ ರಿಜಿಸ್ಟ್ರಾರ್ ತಾವಾಗಿ ತಿದ್ದುವಂತಿಲ್ಲ. ಅದಕ್ಕೆ ಬೇಕಾದದ್ದು ರೆಕ್ಟಿಫಿಕೇಶನ್ ಡೀಡ್, ಅಂದರೆ ತಿದ್ದುಪಡಿಯ ಆಧಾರ. ಮೊದಲಿನ ಆಧಾರಕ್ಕೆ ಸಹಿ ಹಾಕಿದ ಕೊಟ್ಟವರೂ ಕೊಂಡವರೂ ಇದಕ್ಕೂ ಸಹಿ ಹಾಕಬೇಕು, ಅವರಿಲ್ಲದಿದ್ದರೆ ವಾರಸುದಾರರು. ಹಳೆಯ ಆಧಾರದ ನಂಬರ್, ವರ್ಷ, ಯಾವ ಆಫೀಸಿನದ್ದು ಎಂಬುದನ್ನು ಕಾಣಿಸಿ, ತಪ್ಪಾಗಿ ಬಿದ್ದ ಸಾಲನ್ನು ಇದ್ದ ಹಾಗೆಯೇ ಬರೆದು, ಅದರ ಕೆಳಗೆ ‘ಇದನ್ನು ಹೀಗೆ ಓದಿಕೊಳ್ಳತಕ್ಕದ್ದು’ ಎಂದು ಸರಿಯಾದ ಸಾಲನ್ನು ಬರೆಯಬೇಕು. ರೀಸರ್ವೆ, ಅಂದರೆ ಜಾಗದ ಮರು ಅಳತೆ ಆದ ವಿಲ್ಲೇಜಾದರೆ ಹಳೆಯ ಸರ್ವೆ ನಂಬರ್, ರೀಸರ್ವೆ ನಂಬರ್ ಎರಡನ್ನೂ ಹಾಕಿ. ಒಂದನ್ನೇ ಹಾಕಿದರೆ ಮುಂದೆ ಇನ್ನೊಂದು ತಿದ್ದುಪಡಿಗೆ ನೀವೇ ದಾರಿ ಮಾಡಿಕೊಟ್ಟಂತೆ. ತಪ್ಪಿರುವ ಆಧಾರಕ್ಕೂ ಹಿಂದಿನ, ಅಂದರೆ ಕೊಟ್ಟವರಿಗೆ ಆ ಜಾಗ ಬಂದ ಆಧಾರವನ್ನೂ ಜೊತೆಗಿಡಿ, ನಿಜವಾದ ನಂಬರ್ ಯಾವುದೆಂದು ತೋರಿಸುವುದು ಅದೇ.

25 ಸೆಂಟ್ ಎಂದು ಬರೆದ ಜಾಗ 30 ಸೆಂಟ್ ಆಗಬೇಕು ಎನ್ನುವವರು ಇಲ್ಲಿ ಎಚ್ಚರ ವಹಿಸಬೇಕು. ಮಾತಾಗಿದ್ದದ್ದು, ಗಡಿ ಹಾಕಿದ್ದು ಎಲ್ಲ 30 ಸೆಂಟಿಗೆ, ಬರೆಯುವಾಗ ಮಾತ್ರ 25 ಆಯಿತು ಎಂದಾದರೆ ತಿದ್ದುಪಡಿ ಸಲ್ಲುತ್ತದೆ. ಪಕ್ಕದ 5 ಸೆಂಟನ್ನು ಈಗ ಕೊಡಲು ಒಪ್ಪಿದ್ದಾರೆ ಎಂದಾದರೆ ಅದು ಹೊಸ ಮಾರಾಟ. ಅದಕ್ಕೆ ಹೊಸ ಆಧಾರ, ಬೆಲೆಗೆ ತಕ್ಕ ಛಾಪಾ ಶುಲ್ಕ. ಮುದ್ರಾಂಕದ ಖರ್ಚು ಉಳಿಸಲು ಮಾರಾಟವನ್ನು ತಿದ್ದುಪಡಿ ಎಂದು ಕರೆದರೆ ಆ ಕಾಗದ ಮುಂದೆ ಸಾಲಕ್ಕೂ ಉಪಯೋಗಕ್ಕೆ ಬರಲಿಕ್ಕಿಲ್ಲ, ಕೋರ್ಟಿನಲ್ಲೂ ನಿಲ್ಲಲಿಕ್ಕಿಲ್ಲ.

ಎದುರು ಪಕ್ಷದವರು ಸಹಿ ಹಾಕಲು ಒಪ್ಪದಿದ್ದರೆ 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟಿನ 26ನೇ ಸೆಕ್ಷನ್ ಇದೆ. ಮೋಸದಿಂದ ಅಥವಾ ಎರಡೂ ಕಡೆಯವರ ಸಮಾನ ತಪ್ಪಿನಿಂದ ಬರಹದಲ್ಲಿ ನಿಜವಾದ ಉದ್ದೇಶ ಬಾರದಿದ್ದರೆ ಕೋರ್ಟು ಅದನ್ನು ರೆಕ್ಟಿಫೈ ಮಾಡಬಹುದು. ಒಬ್ಬರು ಮಾತ್ರ ತಪ್ಪು ತಿಳಿದಿದ್ದರು ಎನ್ನುವುದು ಸಾಲದು.

ತಿದ್ದುಪಡಿ ನೋಂದಣಿಯಾದ ಕೂಡಲೇ ಕೆಲಸ ಮುಗಿಯಿತೆಂದು ತಿಳಿಯುವವರು ಬಹಳ ಮಂದಿ. ವಿಲ್ಲೇಜ್ ಆಫೀಸಿನಲ್ಲಿ ಪೋಕ್ಕುವರವು, ಅಂದರೆ ಜಾಗವನ್ನು ಹೊಸ ಯಜಮಾನರ ಹೆಸರಿಗೆ ಮಾಡುವ ಖಾತೆ ಬದಲಾವಣೆ, ಹಳೆಯ ನಂಬರಿನಲ್ಲೇ ಆಗಿದ್ದರೆ ಅದನ್ನೂ ಸರಿಮಾಡಿಸಬೇಕು. ತಂಡಪೇರು (ವಿಲ್ಲೇಜಿನ ಜಾಗದ ಖಾತೆ), ತೆರಿಗೆ ರಶೀದಿ ಎರಡರಲ್ಲೂ ಹೊಸ ನಂಬರ್ ಬಂದದ್ದನ್ನು ಕಣ್ಣಾರೆ ನೋಡಿಯೇ ಹೊರಡಿ.

ಜನನ ರಿಜಿಸ್ಟರಿನ ಕ್ರಮ ನನಗೆ ಬಹಳ ಮೆಚ್ಚುಗೆಯಾದದ್ದು. 1969ರ ಜನನ ಮರಣ ನೋಂದಣಿ ಕಾನೂನಿನ 15ನೇ ಸೆಕ್ಷನ್ ಪ್ರಕಾರ ಮೂಲ ನಮೂದನ್ನು ಮುಟ್ಟುವ ಹಾಗಿಲ್ಲ. ಸರಿಯಾದದ್ದನ್ನು ಅಂಚಿನಲ್ಲಿ ಬರೆದು, ರಿಜಿಸ್ಟ್ರಾರರು ಸಹಿ ಮಾಡಿ ತಾರೀಕು ಹಾಕಬೇಕು. ತಪ್ಪು ಏನಾಗಿತ್ತು, ಯಾವಾಗ ತಿದ್ದಿದರು ಎಂಬ ಎರಡೂ ಅದೇ ಪುಟದಲ್ಲಿ ಉಳಿಯುತ್ತವೆ. ವೈಟ್ನರ್ ಹಚ್ಚಿ ಮೇಲೆ ಬರೆಯುವುದು ರೆಕ್ಟಿಫೈ ಮಾಡುವುದಲ್ಲ, ಅಳಿಸುವುದು.

ಆದಾಯ ತೆರಿಗೆಯ ಆದೇಶಗಳಲ್ಲೂ ಈ ಶಬ್ದ ಬರುತ್ತದೆ. ಅಲ್ಲಿ ಕಾನೂನು ಒಪ್ಪುವುದು ದಾಖಲೆ ನೋಡಿದೊಡನೆ ಎದ್ದು ಕಾಣುವ ತಪ್ಪನ್ನು ಮಾತ್ರ. ಕೂಡಿಸಿದ್ದು ತಪ್ಪಿದರೆ ರೆಕ್ಟಿಫಿಕೇಶನ್, ವಾದ ಮಾಡಿ ಗೆಲ್ಲಬೇಕಾದ ವಿಷಯವಾದರೆ ಅಪೀಲು.

ಇನ್ನು ವಾಕ್ಯ. ‘ರೆಕ್ಟಿಫೈ ಮೈ ನೇಮ್’ ಸರಿಯಲ್ಲ, ನಿಮ್ಮ ಹೆಸರಿನಲ್ಲಿ ದೋಷವಿಲ್ಲ, ಬರೆದದ್ದರಲ್ಲಿ ಇದೆ. ‘ರೆಕ್ಟಿಫೈ ದಿ ಎರರ್ ಇನ್ ಮೈ ನೇಮ್’ ಎಂದು ಬರೆಯಿರಿ. ಎರರ್, ಮಿಸ್ಟೇಕ್, ಡಿಫೆಕ್ಟ್, ಒಮಿಷನ್ ಇವುಗಳ ಜೊತೆ ಆ ಶಬ್ದ ಹೊಂದುತ್ತದೆ. ಕೆಟ್ಟ ಪಂಪ್ ಸೆಟ್ಟಿಗೆ ರಿಪೇರಿ ಸಾಕು. ‘ಕೈಂಡ್ಲಿ ರೆಕ್ಟಿಫೈ ದಿ ಸೇಮ್’ ಎಂದರೆ ಓದುವ ಕ್ಲಾರ್ಕಿಗೆ ಯಾವುದನ್ನು ಎಂದು ಹುಡುಕಬೇಕಾಗುತ್ತದೆ. ಈಗ ಇರುವುದು ಹೀಗೆ, ಇರಬೇಕಾದದ್ದು ಹೀಗೆ, ಅದಕ್ಕೆ ಪುರಾವೆ ಇದು: ಈ ಮೂರು ಸಾಲು ಮೇಲೆಯೇ ಇರಲಿ.

ಹತ್ತಿರದ ಇನ್ನೊಂದು ಶಬ್ದ ‘ರಿಡ್ರೆಸ್’. ತಪ್ಪಿಗೆ ರೆಕ್ಟಿಫೈ, ಅನ್ಯಾಯಕ್ಕೆ ಅಥವಾ ಕುಂದುಕೊರತೆಗೆ ರಿಡ್ರೆಸ್. ನಮ್ಮಂಥ ಗಡಿಯವರಿಗೆ ಇದು ಮುಖ್ಯ, ಯಾಕೆಂದರೆ ಸಂವಿಧಾನದ 350ನೇ ವಿಧಿಯಲ್ಲಿರುವುದು ಇದೇ ಶಬ್ದ. ಕುಂದುಕೊರತೆಯ ಪರಿಹಾರಕ್ಕಾಗಿ ರಾಜ್ಯದ ಯಾವುದೇ ಅಧಿಕಾರಿಗೆ, ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕು ಎಲ್ಲರಿಗೂ ಇದೆ ಎಂದು ಅದು ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕೂಡ ಕನ್ನಡ ಅಲ್ಪಸಂಖ್ಯಾತರಿಗೆ ಕನ್ನಡದಲ್ಲಿ ಪತ್ರವ್ಯವಹಾರಕ್ಕೆ ಅವಕಾಶ ಕೊಟ್ಟಿದೆ. ಹಾಗಾಗಿ ಇಂಗ್ಲಿಷ್ ಬಾರದೆಂದು ಹಿಂಜರಿಯಬೇಡಿ, ಕನ್ನಡದಲ್ಲೇ ಬರೆಯಿರಿ. ಆದರೆ ದಾಖಲೆಯಲ್ಲಿ ಬರಬೇಕಾದ ಹೆಸರನ್ನು ಮಾತ್ರ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಮಲಯಾಳದಲ್ಲೂ ಬೇಕಿದ್ದರೆ ಮಲಯಾಳ ಲಿಪಿಯಲ್ಲೂ ನೀವೇ ಬರೆದುಕೊಡಿ. ಆ ಒಂದು ಸಾಲನ್ನು ಇನ್ನೊಬ್ಬರ ಕಿವಿಗೆ ಬಿಡಬೇಡಿ. ಅರ್ಜಿಯ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿ ಮನೆಗೆ ತನ್ನಿ.