ಕೊನೇ ದಿನದ ಖಾತೆ

ಶುಕ್ರವಾರ ಸಂಜೆ ಬೆಳ್ಳಂದೂರಿನ ಆಫೀಸುಗಳಲ್ಲಿ ಯಾರಾದರೊಬ್ಬರ ಕೊನೇ ದಿನ ಇದ್ದೇ ಇರುತ್ತದೆ. ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್. ಮೇಲ್, ಆ್ಯಪ್‌ಗಳ ಖಾತೆ? ಎಚ್‌ಆರ್ ದಾಖಲೆ ನೋಡಿ ಖಾತೆಗಳನ್ನು ತಾನೇ ತೆರೆದು ಮುಚ್ಚುವ ವ್ಯವಸ್ಥೆ ಕಟ್ಟುವವರಿಗೆ ಈ ಮಾತು.

ಅದು ಯಾವಾಗ ಓಡಬೇಕೆಂದು ಹೇಳುವ ಪಾಲಿಸಿಯಲ್ಲಿ 'ನೌಕರರ ಸ್ಥಿತಿ ನಿಷ್ಕ್ರಿಯವಾಗಿದ್ದರೆ' ಎಂದಷ್ಟೇ ಬರೆದರೆ, ಆಮೇಲೆ ಎಚ್‌ಆರ್‌ನವರು ಫೋನ್ ನಂಬರ್ ತಿದ್ದಿದರೂ ಖಾತೆ ಮುಚ್ಚುವ ವರ್ಕ್‌ಫ್ಲೋ ಮತ್ತೆ ಓಡಬಹುದು. 'ಸಕ್ರಿಯದಿಂದ ನಿಷ್ಕ್ರಿಯಕ್ಕೆ ಬದಲಾದಾಗ' ಎಂದೇ ಬರೆಯಿರಿ.

ವ್ಯವಸ್ಥೆ ಕಳಿಸಿದ ವಿನಂತಿಗೆ ಆ್ಯಪ್‌ಗಳಿಂದ ಬರುವ ಎರರ್‌ಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಡಿ. 429 (ವಿನಂತಿಗಳು ಅತಿಯಾದವು) ಬಂದರೆ ಉತ್ತರದ ಜೊತೆಗಿನ ರಿಟ್ರೈ-ಆಫ್ಟರ್ ಹೆಡರ್ ಹೇಳಿದಷ್ಟು ಹೊತ್ತು ಕಾದು ಮತ್ತೆ ಕಳಿಸಿ. 503ಕ್ಕೆ (ಸರ್ವರ್ ಸದ್ಯಕ್ಕೆ ಸಿಗುತ್ತಿಲ್ಲ) 2, 4, 8 ಸೆಕೆಂಡ್ ಹೀಗೆ ಅಂತರ ಹೆಚ್ಚಿಸುತ್ತಾ ಹೋಗಿ, ಐದು ಸಲಕ್ಕೆ ನಿಲ್ಲಿಸಿ. 401 (ಗುರುತು ದೃಢಪಟ್ಟಿಲ್ಲ) ಬಂದರೆ ಮೊದಲು ಟೋಕನ್, ಅಂದರೆ ಒಳಗೆ ಬಿಡುವ ಡಿಜಿಟಲ್ ಚೀಟಿ, ನೋಡಿ. ಅದು ಸರಿಯಾಗದೆ ಎಷ್ಟು ಸಲ ಕಳಿಸಿದರೂ ಅಷ್ಟೇ. ಹೊಸ ಖಾತೆ ತೆರೆಯುವಾಗ 409 ಬಂತೆಂದರೆ ಸಾಮಾನ್ಯವಾಗಿ ಆ ಯೂಸರ್‌ನೇಮ್ ಆಗಲೇ ಇದೆ ಅಂತ. ಬೆಂಗಳೂರಲ್ಲಿ ಮಂಜುನಾಥರಿಗೇನು ಬರವೇ? ಹಳೇ ಖಾತೆಗೆ ಜೋಡಿಸುವ ಮುನ್ನ ನೌಕರರ ಸಂಖ್ಯೆ ತಾಳೆ ನೋಡಲೇಬೇಕು, ಇಲ್ಲವಾದರೆ ಒಬ್ಬರ ಮೇಲ್ ಇನ್ನೊಬ್ಬರ ಕೈಗೆ.

ಸೋತ ವಿನಂತಿ ಲಾಗ್‌ನಲ್ಲಿ ಹೂತುಹೋಗಬಾರದು. ಬೇರೆ ಕ್ಯೂಗೆ (ಸರದಿ ಪಟ್ಟಿಗೆ) ಹಾಕಿ. ನೌಕರರ ಸಂಖ್ಯೆ, ಆ್ಯಪ್, ಎರರ್ ಕೋಡ್ ಸಮೇತ ಒಬ್ಬರ ಹೆಸರಿಗೇ ಟಿಕೆಟ್ ಹೋಗಲಿ. ಖಾತೆ ಮುಚ್ಚಿದ ಮಾತ್ರಕ್ಕೆ ಎಲ್ಲ ಆ್ಯಪ್‌ಗಳಲ್ಲೂ ತೆರೆದ ಸೆಷನ್ (ಆಗಲೇ ಆಗಿರುವ ಲಾಗಿನ್) ಮುಚ್ಚುವುದಿಲ್ಲ. ಹೊರಟವರ ಟೋಕನ್ ರದ್ದು ಮಾಡುವುದನ್ನು ಪ್ರತ್ಯೇಕ ಹಂತವಾಗಿ ಸೇರಿಸಿ, ಸೋಮವಾರದವರೆಗೆ ಬಿಡಬೇಡಿ.