ಕೊಳೆರೋಗದ ಬೆನ್ನು ಹತ್ತಿ: ಶಿರಸಿ ತೋಟದಿಂದ ಒಂದು ವರ್ಷದ ವರದಿ

ಹೋದ ಮಳೆಗಾಲದ ಶುರುವಿಗೆ ಮೂರು ಕೆಲಸ ಅಂದುಕೊಂಡಿದ್ದೆ. ಅಡಿಕೆ ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿ ಫೈಟೊಫ್ತೊರಾವನ್ನು ನಮ್ಮ ತೋಟದ ಕೊಳೆ ಅಡಿಕೆಯಿಂದ ಬೇರೆ ಮಾಡಿ ಮನೆಯಲ್ಲೇ ಬೆಳೆಸುವುದು. ಅದರ ಈಜುವ ಕಣ, ಅಂದರೆ ಜೂಸ್ಪೋರ್, ಹೊರಗೆ ಬರುವುದನ್ನು ಕಣ್ಣಾರೆ ನೋಡುವುದು. ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ ಅದನ್ನು ಹೇಗೆ ತಡೆಯುತ್ತದೆ ಅಂತ ತಿಳಿಯುವುದು. ಮೊದಲ ಎರಡು ಆಗಿವೆ, ಮೂರನೆಯದು ಅರ್ಧ ಆಗಿದೆ.

ಇದಕ್ಕೆಲ್ಲ ಬೆನ್ನಿಗೆ ನಿಂತವಳು ಚಿಕ್ಕಪ್ಪನ ಮಗಳು. ಅವಳು ವಿಶ್ವವಿದ್ಯಾಲಯವೊಂದರಲ್ಲಿ ಮಲೇರಿಯಾ ಪರಾವಲಂಬಿಯ ಜೀವಕೋಶದ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. "ಅಣ್ಣಾ, ನಿನ್ನ ಕೊಳೆಯ ಜೀವಿ ಅಣಬೆ ಜಾತಿಯದಲ್ಲ, ನನ್ನ ಮಲೇರಿಯಾಕ್ಕೇ ಹತ್ತಿರ" ಅಂದಳು. ನೋಡಲು ಬೂಷ್ಟಿನ ಹಾಗೇ ಇದ್ದರೂ ಇದು ಶಿಲೀಂಧ್ರ ಅಲ್ಲ. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಮುಖ್ಯ, ಇದರದ್ದರಲ್ಲಿ ಸೆಲ್ಯುಲೋಸ್ ಇದೆ. ಕಾರವಾರದ ಕಡೆ ಬಂಡೆಗಳ ಮೇಲೆ ಬೆಳೆಯುವ ಕಂದು ಕಡಲಪಾಚಿ ಇದಕ್ಕೆ ಇನ್ನೂ ಹತ್ತಿರದ ನೆಂಟ. ಮಲೇರಿಯಾ ಪರಾವಲಂಬಿ ಕೆಂಪು ರಕ್ತಕಣದೊಳಗೆ ತನ್ನ ಪ್ರೋಟೀನು ಸಾಗಿಸುತ್ತದೆ, ಫೈಟೊಫ್ತೊರಾ ಗಿಡದ ಕೋಶದೊಳಗೆ ಸಾಗಿಸುತ್ತದೆ. ಎರಡರ ಪ್ರೋಟೀನಿನಲ್ಲೂ ಹೋಲುವ ಒಂದು ಸಣ್ಣ ಗುರುತಿದೆಯಂತೆ. ಅಡಿಕೆ ತೋಟಕ್ಕೂ ಮಲೇರಿಯಾಕ್ಕೂ ಇಂಥ ನಂಟು ಇದೆ ಅಂತ ಗೊತ್ತಾದ ದಿನ ನನಗೆ ನಿದ್ದೆಯೇ ಬರಲಿಲ್ಲ.

ಬೆಳೆಸಲು ಪೇಟೆಯಿಂದ ತಂದದ್ದು ಕ್ಯಾರೆಟ್ ಮತ್ತು ಜೆಲ್ಲಿ ಮಾಡುವ ಚೈನಾ ಗ್ರಾಸ್. ಒಂದು ಲೀಟರ್ ನೀರಿಗೆ 200 ಗ್ರಾಂ ಕ್ಯಾರೆಟ್ ಬೇಯಿಸಿ ಸೋಸಿ, ಚೈನಾ ಗ್ರಾಸ್ ಕರಗಿಸಿ, ಪ್ರೆಶರ್ ಕುಕ್ಕರಿನಲ್ಲಿ 20 ನಿಮಿಷ ಇಟ್ಟೆ. ಆಗಷ್ಟೇ ಉದುರಿದ ಅಡಿಕೆಯ ಮೇಲೆ ನೀರು ಹೀರಿದಂಥ ಕಡುಹಸಿರು ಕಲೆ ಇರುತ್ತದಲ್ಲ, ಅದರ ಅಂಚಿನಿಂದಲೇ ಚೂರು ತೆಗೆಯಬೇಕು. ಒಳಗಿನ ಕೊಳೆತ ಭಾಗದಲ್ಲಿ ಬ್ಯಾಕ್ಟೀರಿಯಾ ಜಾಸ್ತಿ. ಚೂರನ್ನು ಜೆಲ್ಲಿಯ ಮೇಲೆ ಇಡದೆ ಅಡಿಯಲ್ಲಿ ಇಟ್ಟರೆ ಎಳೆಗಳು ಮಾತ್ರ ಜೆಲ್ಲಿ ತೂರಿ ಮೇಲೆ ಬರುತ್ತವೆ, ಬ್ಯಾಕ್ಟೀರಿಯಾ ಕೆಳಗೇ ಉಳಿಯುತ್ತದೆ. ಪುನರ್ವಸು ಮಳೆ ಹಿಡಿದಾಗ ತಟ್ಟೆ ತುಂಬ ಶುದ್ಧ ಬಿಳಿ ಎಳೆಗಳಿದ್ದವು. ಕಾಟನ್ ಬ್ಲೂ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಗಳಲ್ಲಿ ಅಡ್ಡಗೋಡೆಯೇ ಕಾಣಲಿಲ್ಲ. ಉದ್ದಕ್ಕೂ ಒಂದೇ ಕೊಳವೆ.

ವರ್ಷದ ದೊಡ್ಡ ಖುಷಿ ಅಂದರೆ ಜೂಸ್ಪೋರ್. ಎಳೆಗಳನ್ನು ನೀರಲ್ಲಿ ಹಾಕಿ, ಜೂಸ್ಪೋರ್ ಹುಟ್ಟುವ ಚೀಲ, ಅಂದರೆ ಬೀಜಕೋಶ, ಮೂಡಿದ ಮೇಲೆ ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ತಂಪು ಮಾಡಿ ಹೊರಗಿಟ್ಟೆ. 400 ಪಟ್ಟು ದೊಡ್ಡದಾಗಿ ಕಾಣುವ ಮಸೂರದಲ್ಲಿ ನೋಡುತ್ತಾ ಕುಳಿತೆ. ಬೀಜಕೋಶ ನಿಂಬೆಹಣ್ಣಿನ ಆಕಾರದ್ದು, ತುದಿಗೆ ಒಂದು ಸಣ್ಣ ಮೊನೆ. ಮೊದಲು ಒಳಗಿನದೆಲ್ಲ ಒಂದೇ ಮುದ್ದೆ. ಆಮೇಲೆ ಅದರಲ್ಲಿ ಗೆರೆ ಮೂಡಿ ತುಂಡುತುಂಡಾಗಿ ಅಲುಗಾಡತೊಡಗಿತು. ಮೊನೆ ಕರಗಿದ್ದೇ ತಡ, ಒಂದೊಂದೇ ಕಣ ಮೈ ಕಿರಿದು ಮಾಡಿಕೊಂಡು ನುಸುಳಿ ಓಡಿತು. ಪ್ರತಿಯೊಂದಕ್ಕೂ ಎರಡು ಬಾಲ: ಮುಂದಿನದು ಎಳೆಯುತ್ತದೆ, ಹಿಂದಿನದು ದಿಕ್ಕು ತಿರುಗಿಸುತ್ತದೆ. ಹೊತ್ತು ಕಳೆದ ಹಾಗೆ ಸುಸ್ತಾಗಿ ನಿಂತು, ಬಾಲ ಕಳಚಿ, ದುಂಡಗಾಗಿ, ಸುತ್ತ ಗೋಡೆ ಕಟ್ಟಿಕೊಂಡವು. ಮೊಳಕೆ ಬರುವುದು ಆಮೇಲೆ. ಆ ಮೊಳಕೆಯೇ ಕಾಯಿಯೊಳಗೆ ಇಳಿಯುವುದು.

ನಮ್ಮ ಕೊನೆಗೌಡರೂ ಬಂದು ನೋಡಿದರು. "ಇಷ್ಟು ಸಣ್ಣದಾ ಹೆಗಡೇರೇ, ಇಡೀ ಕೊನೆ ಉದುರಿಸೋದು?" ಅಂದವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಮಳೆಯಲ್ಲಿ ಮರ ಹತ್ತಿ ಔಷಧಿ ಹೊಡೆಯುವವರು ಅವರೇ. ಇದನ್ನು ನೋಡಬೇಕಾದವರು ಅವರೇ ಅಲ್ವಾ?

ಬೋರ್ಡೋ ವಿಷಯ ಬಿಡಿಸಿ ಹೇಳುತ್ತೇನೆ. 1910ರಲ್ಲಿ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೊಳೆರೋಗದ ಬಗ್ಗೆ ವಿವರವಾಗಿ ಬರೆದರು, ಬೋರ್ಡೋ ಸಿಂಪಡಣೆಯನ್ನು ತೋಟಗಳಿಗೆ ತಂದರು. ಅದಕ್ಕೂ ಮೊದಲು ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವುದೇ ದಾರಿಯಾಗಿತ್ತು. ಇವತ್ತಿಗೂ ನಾವು ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಅಂತಲೇ ಮಾಡುತ್ತೇವೆ. ಸ್ಲೈಡಿನ ಅಂಚಿಗೆ ಮೈಲುತುತ್ತಿನ ತೀರಾ ತೆಳು ನೀರು ಒಂದು ಹನಿ ಬಿಟ್ಟೆ. ತಾಮ್ರ ಹರಿದು ಬಂದ ಕಡೆಯಿಂದಲೇ ಜೂಸ್ಪೋರ್‌ಗಳು ತಬ್ಬಿಬ್ಬಾಗಿ ಗಿರಕಿ ಹೊಡೆದು ನಿಂತವು, ಕೆಲವು ಒಡೆದೇ ಹೋದವು. ಬರೀ ನೀರು ಬಿಟ್ಟ ಸ್ಲೈಡಿನಲ್ಲಿ ಈಜು ನಿಲ್ಲಲಿಲ್ಲ. ಜೂಸ್ಪೋರ್‌ಗೆ ಗೋಡೆಯೇ ಇಲ್ಲ, ತೆಳು ಪೊರೆ ಅಷ್ಟೇ. ಹಾಗಾಗಿ ಅದು ಈಜುವ ಆ ಸ್ವಲ್ಪ ಹೊತ್ತಿನಲ್ಲೇ ತಾಮ್ರ ಸಿಗಬೇಕು. ಕಾಯಿಯೊಳಗೆ ಇಳಿದ ಮೇಲೆ ಬೋರ್ಡೋ ಎಷ್ಟು ಹೊಡೆದರೂ ಸುಮ್ನೆ. ಮಳೆ ಹಿಡಿಯುವ ಮೊದಲೇ ಒಂದು ಸಲ ಹೊಡೆಯಿರಿ ಅಂತ ಹಿರಿಯರು ಹೇಳುವುದರ ಅರ್ಥ ಇದೇ.

ಆದರೆ ಸ್ಲೈಡಿನಲ್ಲಿ ಕರಗಿದ ತಾಮ್ರ ಬೇರೆ, ಕಾಯಿ ಮೇಲೆ ಒಣಗಿ ಅಂಟಿಕೊಂಡ ಬೋರ್ಡೋ ಬೇರೆ. ಮೂರನೆಯ ಕೆಲಸ ಅರ್ಧ ಅಂದದ್ದು ಅದಕ್ಕೇ.

ಬೇಸಿಗೆಯಲ್ಲಿ ಹೆಚ್ಚೇನೂ ನಡೆಯಲಿಲ್ಲ. ಎಳೆಗಳಿರುವ ಜೆಲ್ಲಿ ತುಂಡುಗಳನ್ನು ಕುದಿಸಿ ಆರಿಸಿದ ನೀರಿನ ಬಾಟಲಿಯಲ್ಲಿ ಹಾಕಿ, ನೆರಳಲ್ಲಿ ಇಟ್ಟಿದ್ದೇನೆ. ಇನ್ನೂ ಜೀವ ಇದೆ. ಮಸೂರಗಳಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಡಬ್ಬಿ ಸಿದ್ಧ ಮಾಡಿದ್ದೇನೆ, ಶಿರಸಿ ಮಳೆಯಲ್ಲಿ ಅದಿಲ್ಲದೆ ಆಗುವುದಿಲ್ಲ.

ಈ ಸಲ ಬೋರ್ಡೋ ಹೊಡೆದ ಕಾಯಿ, ಹೊಡೆಯದ ಕಾಯಿ ಎರಡನ್ನೂ ಜೂಸ್ಪೋರ್ ಇರುವ ನೀರಿನಲ್ಲಿ ಇಟ್ಟು ನೋಡುತ್ತೇನೆ. ಜೊತೆಗೆ ಬಸಿಗಾಲುವೆ ನೀರಿನಲ್ಲಿ ಎಳೆ ಅಡಿಕೆ ತೇಲಿಬಿಟ್ಟು, ಕೊಳೆ ಯಾವಾಗ ಶುರುವಾಗುತ್ತದೆ ಅಂತ ಹಿಡಿಯುವ ಯೋಚನೆ ಇದೆ. ಹತ್ತಿರದ ತೋಟದವರು ಯಾರಾದರೂ ತಮ್ಮ ಕಾಲುವೆಯಲ್ಲೂ ಮಾಡಿದರೆ ಹೋಲಿಸಿ ನೋಡಬಹುದು.